ಹಗ್ಗದಾಚೆ ಮೂರು ಮೊಟ್ಟೆಗಳು

ಕಡಲತೀರದಲ್ಲಿ ಹಕ್ಕಿ ನೋಡಲು ಹೊರಟ ಮೊದಲ ವರ್ಷ ನಾನು ಮಾಡಿದ್ದು ಬಹುಮಟ್ಟಿಗೆ ಹಕ್ಕಿ ಎಬ್ಬಿಸುವ ಕೆಲಸವನ್ನೇ ಎಂದು ಈಗ ಒಪ್ಪಿಕೊಳ್ಳಬೇಕಾಗಿದೆ. ಬೈನಾಕ್ಯುಲರನ್ನು ಕೊರಳಿಗೆ ಹಾಕಿಕೊಂಡು ನೀರಿನಂಚಿನಲ್ಲಿ ನೇರವಾಗಿ ನಡೆಯುತ್ತಿದ್ದೆ. ಎದುರಿಗಿದ್ದ ಹಿಂಡು ಹಾರಿ ನೂರು ಹೆಜ್ಜೆ ಮುಂದೆ ಇಳಿಯುತ್ತಿತ್ತು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಮತ್ತೆ ಏಳುತ್ತಿತ್ತು. ಹೀಗೆ ತೀರದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಹಿಂಡನ್ನು ಐದಾರು ಸಲ ಎಬ್ಬಿಸಿ, ಮನೆಗೆ ಬಂದು ಅದನ್ನೇ ಐದಾರು ಹಿಂಡುಗಳೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ ದಿನಗಳೂ ಇವೆ. ಆ ಪುಟಗಳನ್ನು ನಾನು ಹರಿದು ಹಾಕಿಲ್ಲ.

ನನಗಿಂತ ಬಹಳ ಮೊದಲಿನಿಂದ ಹಕ್ಕಿ ನೋಡುತ್ತಿದ್ದ ಹಿರಿಯರೊಬ್ಬರು ಒಂದು ಬೆಳಿಗ್ಗೆ ನನ್ನ ಈ ಓಡಾಟವನ್ನು ದೂರದಿಂದ ಗಮನಿಸಿ, ಕರೆದು, “ನೀವು ಹಕ್ಕಿಯ ಹತ್ತಿರ ಹೋಗಬೇಡಿ, ಹಕ್ಕಿಯೇ ನಿಮ್ಮ ಹತ್ತಿರ ಬರುವ ಜಾಗ ನೋಡಿ ಕೂತುಬಿಡಿ” ಎಂದರು. ಆ ಜಾಗ ಸಿಗಬೇಕಾದರೆ ಮೊದಲು ಉಬ್ಬರ ಇಳಿತಗಳ ಲೆಕ್ಕ ತಿಳಿಯಬೇಕಿತ್ತು. ಇಳಿತದ ಹೊತ್ತಿನಲ್ಲಿ ಹಕ್ಕಿಗಳು ಒದ್ದೆ ಮರಳಿನ ಉದ್ದಕ್ಕೂ ಚದುರಿ ಮೇಯುತ್ತವೆ. ನೀರು ಏರುತ್ತ ಬಂದ ಹಾಗೆ ಮೇವಿನ ಜಾಗ ಮುಳುಗಿ, ಅವು ಹಿಂದೆ ಸರಿಯುತ್ತ, ಕೊನೆಗೆ ಉಬ್ಬರದ ಗೆರೆಯ ಮೇಲಿನ ಒಣ ಮರಳಿನಲ್ಲಿ ಒತ್ತಾಗಿ ನಿಂತು, ಒಂಟಿ ಕಾಲಿನಲ್ಲಿ ಕೊಕ್ಕನ್ನು ಬೆನ್ನಿಗೆ ಸಿಕ್ಕಿಸಿಕೊಂಡು ವಿಶ್ರಾಂತಿ ಪಡೆಯುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಇವತ್ತು ಏಳಕ್ಕೆ ಸಿಕ್ಕ ಹಿಂಡು ನಾಳೆ ಅದೇ ಏಳಕ್ಕೆ ಅದೇ ಜಾಗದಲ್ಲಿ ಸಿಗುವುದಿಲ್ಲ. ಉಬ್ಬರಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಿ, ಒಂದು ಹಳೆಯ ದೋಣಿಯ ನೆರಳಿನಲ್ಲಿ ಅಲುಗಾಡದೆ ಕುಳಿತರೆ, ನೀರೇ ಹಕ್ಕಿಗಳನ್ನು ನನ್ನ ಕಡೆಗೆ ತಳ್ಳಿಕೊಂಡು ಬರುತ್ತದೆ ಎಂಬುದನ್ನು ಕಂಡುಕೊಳ್ಳಲು ಎರಡು ತಿಂಗಳು ಹಿಡಿಯಿತು.

ಹಾಗೆ ಕುಳಿತ ಮೇಲೆಯೇ ಒಂದೊಂದು ಹಕ್ಕಿಯ ಜೀವನಕ್ರಮ ಬೇರೆ ಬೇರೆಯಾಗಿ ಕಾಣತೊಡಗಿತು. ಸ್ಯಾಂಡರ್ಲಿಂಗ್ ಅಲೆಯ ಹಿಂದೆ ಓಡುತ್ತದೆ, ಅಲೆ ತಿರುಗಿ ಬಂದಾಗ ಅದರ ಮುಂದೆ ಓಡುತ್ತದೆ. ಇಡೀ ದಿನ ಅದಕ್ಕೆ ಇದೇ ಕೆಲಸ. ಟರ್ನ್‌ಸ್ಟೋನ್ ಹೆಸರಿಗೆ ತಕ್ಕಂತೆ ಕಲ್ಲು, ಚಿಪ್ಪು, ಪಾಚಿಗಳನ್ನು ಮಗುಚಿ ಕೆಳಗಿದ್ದುದನ್ನು ಹೆಕ್ಕುತ್ತದೆ. ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಕೆಸರಿನ ಆಳದಲ್ಲಿರುವ ಹುಳುವನ್ನು ಎಳೆದು ತೆಗೆಯುತ್ತದೆ. ಉದ್ದ ಕೊಕ್ಕಿನ ಈ ಜಾತಿಗಳಿಗೆ ಕೊಕ್ಕಿನ ತುದಿಯಲ್ಲೇ ಒತ್ತಡವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳಿದ್ದು, ಕಣ್ಣಿಗೆ ಬೀಳದ ಬೇಟೆಯನ್ನು ಅವು ಸ್ಪರ್ಶದಿಂದಲೇ ಹುಡುಕುತ್ತವೆ. ಪ್ಲೋವರ್‌ಗಳ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು; ಅವು ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ನೋಡಿ, ಕುಕ್ಕಿ, ಮತ್ತೆ ಓಡುತ್ತವೆ. ಈ ಓಡಿ ನಿಲ್ಲುವ ಚಾಳಿಯಿಂದಲೇ ಎಷ್ಟೇ ದೂರದಿಂದಲೂ ಪ್ಲೋವರನ್ನು ಗುರುತಿಸಬಹುದು.

ಹಕ್ಕಿ ಎಬ್ಬಿಸುವುದರಿಂದ ಅಂಥ ನಷ್ಟವೇನು ಎಂದು ನನ್ನನ್ನು ಕೇಳಿದವರಿಗೆ ನಾನು ಹೇಳುತ್ತ ಬಂದಿರುವುದು ಗಾಡ್ವಿಟ್ ಕಥೆಯನ್ನು. 2022ರ ಅಕ್ಟೋಬರಿನಲ್ಲಿ, ಹುಟ್ಟಿ ಐದು ತಿಂಗಳಾಗಿದ್ದ ಒಂದು ಬಾರ್-ಟೇಲ್ಡ್ ಗಾಡ್ವಿಟ್, ಬೆನ್ನ ಮೇಲೆ ಉಪಗ್ರಹ ಸಂಪರ್ಕದ ಪುಟ್ಟ ಸಾಧನವನ್ನು ಹೊತ್ತು, ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಹಾರಿತು. ಅಷ್ಟು ಹಾರಾಟಕ್ಕೆ ಬೇಕಾದ ಕೊಬ್ಬನ್ನು ಅದು ಹೊರಡುವ ಮೊದಲಿನ ಕೆಲವು ವಾರಗಳಲ್ಲಿ, ಕೆಸರು ದಂಡೆಗಳಲ್ಲಿ ಮೇಯ್ದು ಸಂಗ್ರಹಿಸಿಕೊಂಡಿರುತ್ತದೆ. ನಮ್ಮ ತೀರದಲ್ಲಿ ಮೇಯುವ ಸ್ಯಾಂಡರ್ಲಿಂಗ್ ಕೂಡ ಧ್ರುವಪ್ರದೇಶದ ಟುಂಡ್ರಾಕ್ಕೆ ಮರಳಬೇಕಾದ ಹಕ್ಕಿ. ಅದು ಒಮ್ಮೆ ಎದ್ದು ಹಾರಿದರೆ ಆ ಹಾರಾಟದ ಖರ್ಚು ಒಂದು ಕಡೆ, ಮೇಯಲಾಗದೆ ಹೋದ ಹೊತ್ತು ಇನ್ನೊಂದು ಕಡೆ. ಇಳಿತದ ಅವಧಿ ಮಾತ್ರ ಅದಕ್ಕಾಗಿ ಉದ್ದವಾಗುವುದಿಲ್ಲ. ಇದನ್ನು ತಿಳಿದ ಮೇಲೆ ನನ್ನ ಮಟ್ಟಿಗೆ ಒಂದು ನಿಯಮ ಮಾಡಿಕೊಂಡೆ: ಮೇಯುತ್ತಿದ್ದ ಹಕ್ಕಿ ತಲೆ ಎತ್ತಿ ನನ್ನನ್ನು ನೋಡಿದರೆ ಅಲ್ಲೇ ನಿಲ್ಲಬೇಕು, ಅದು ಪುನಃ ಮೇಯತೊಡಗದಿದ್ದರೆ ಹತ್ತು ಹೆಜ್ಜೆ ಹಿಂದೆ ಸರಿಯಬೇಕು.

ಎಣಿಕೆಯ ಅಭ್ಯಾಸವೂ ಆಗಲೇ ಗಟ್ಟಿಯಾಯಿತು. ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಅದರ ಹೊರತಾಗಿಯೂ ಯಾರು ಬೇಕಾದರೂ ತಮ್ಮ ಪಟ್ಟಿಯನ್ನು 2002ರಲ್ಲಿ ಆರಂಭವಾದ ಇ-ಬರ್ಡ್ ಎಂಬ ಅಂತರ್ಜಾಲದ ಹಕ್ಕಿ ದಾಖಲೆಗೆ ಸೇರಿಸಬಹುದು. ನಾನು ಹದಿನೈದು ದಿನಕ್ಕೊಮ್ಮೆ, ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದ ಹೊತ್ತಿಗೆ, ಒಂದೇ ಜಾಗದಿಂದ ಎಣಿಸುತ್ತ ಬಂದೆ. ಹಕ್ಕಿಯೇ ಕಾಣದ ದಿನ ಸೊನ್ನೆ ಎಂದು ಬರೆಯುವುದಕ್ಕೆ ಮೊದಮೊದಲು ಬೇಸರವಾಗುತ್ತಿತ್ತು. ಆದರೆ ತೆಳುಕೊಕ್ಕಿನ ಕರ್ಲ್ಯೂ ಎಂಬ ಹಕ್ಕಿಯನ್ನು ಕೊನೆಯದಾಗಿ ಖಚಿತವಾಗಿ ಕಂಡದ್ದು 1995ರಲ್ಲಿ, ಮೊರಾಕ್ಕೊದ ಮೆರ್ಜಾ ಜೆರ್ಗಾ ಎಂಬ ಹಿನ್ನೀರಿನಲ್ಲಿ ಎಂದು ಓದಿದಾಗ, ಅದಾದ ಮೇಲೆ ಎಷ್ಟೋ ಜನ ಎಷ್ಟೋ ತೀರಗಳಲ್ಲಿ ಬರೆದ ಸೊನ್ನೆಗಳೇ ಆ ವರ್ಷವನ್ನು ಕೊನೆಯ ವರ್ಷವೆಂದು ತೋರಿಸಿಕೊಟ್ಟವು ಎಂಬುದು ಹೊಳೆಯಿತು.

ಮಾರ್ಚ್ ಬಂತು. ಚಳಿಗಾಲದ ಅತಿಥಿಗಳು ಒಂದೊಂದೇ ಹಿಂಡಾಗಿ ಉತ್ತರಕ್ಕೆ ಹೊರಟವು. ಒಂದು ಜೋಡಿ ಕೆಂಟಿಶ್ ಪ್ಲೋವರ್ ಮಾತ್ರ ಹೊರಡಲಿಲ್ಲ.

ಕೆಂಟಿಶ್ ಪ್ಲೋವರ್ ಗುಬ್ಬಿಗಿಂತ ತುಸು ದೊಡ್ಡದು, ತೂಕ ನಲವತ್ತು ಗ್ರಾಮಿನ ಆಸುಪಾಸು. ಬೆನ್ನು ಒಣ ಮರಳಿನ ಬಣ್ಣ, ಹೊಟ್ಟೆ ಬಿಳಿ, ಕಾಲು ಕಪ್ಪು. ಎದೆಯ ಎರಡು ಬದಿಯಲ್ಲೂ ಇರುವ ಕಪ್ಪು ಪಟ್ಟಿ ನಡುವೆ ಕೂಡಿಕೊಳ್ಳುವುದಿಲ್ಲ. ಗೂಡು ಮಾಡುವ ಕಾಲದಲ್ಲಿ ಗಂಡಿನ ನೆತ್ತಿಯ ಹಿಂಭಾಗ ಕಂದುಗೆಂಪಾಗುತ್ತದೆ. ಹೆಸರಿನ ಕಥೆ ಸ್ವಲ್ಪ ವಿಚಿತ್ರವಾಗಿದೆ. 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಕ್ರಮ ರೂಪಿಸಿದ ಲಿನೇಯಸ್ ಇದಕ್ಕೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ನೆನಪಿನ ಹೆಸರನ್ನು ಕೊಟ್ಟ. ಇಂಗ್ಲಿಷರು ತಮ್ಮ ಕೆಂಟ್ ಪ್ರಾಂತದ ಹೆಸರನ್ನು ಅಂಟಿಸಿದರು. ಆ ಕೆಂಟಿನಲ್ಲಿ ಈಗ ಈ ಹಕ್ಕಿ ಗೂಡು ಮಾಡುವುದು ನಿಂತೇಹೋಗಿದೆ. ತೀರಕ್ಕೆ ವಿಹಾರಕ್ಕೆಂದು ಬರುವ ಜನ ಹೆಚ್ಚಿದ್ದೂ ಅದಕ್ಕೆ ಒಂದು ಕಾರಣ.

ಗೂಡು ಎನ್ನುವುದೂ ಇಲ್ಲಿ ಮಾತಿಗಷ್ಟೇ. ಗಂಡು ಎದೆಯನ್ನು ಮರಳಿಗೆ ಒತ್ತಿ, ಕಾಲಿನಿಂದ ಹಿಂದಕ್ಕೆ ಕೆದರಿ, ಅಂಗೈಯಷ್ಟು ಅಗಲದ ತಗ್ಗು ಮಾಡುತ್ತದೆ. ಹೀಗೆ ಹಲವು ತಗ್ಗುಗಳಾದ ಮೇಲೆ ಹೆಣ್ಣು ಅವುಗಳಲ್ಲಿ ಒಂದನ್ನು ಒಪ್ಪುತ್ತದೆ. ಮಾರ್ಚ್ 10ರಂದು ಅಂಥ ಒಂದು ತಗ್ಗಿನಲ್ಲಿ, ಚಿಪ್ಪಿನ ಚೂರುಗಳ ನಡುವೆ, ಮೂರು ಮೊಟ್ಟೆಗಳನ್ನು ನಾನು ಬಹುಮಟ್ಟಿಗೆ ತುಳಿದೇ ಕಂಡುಹಿಡಿದೆ ಎನ್ನಬೇಕು. ಮರಳ ಬಣ್ಣದ ಮೇಲೆ ಕಪ್ಪು ಚುಕ್ಕಿ, ಗೀರುಗಳಿದ್ದ ಆ ಮೊಟ್ಟೆಗಳನ್ನು ಒಮ್ಮೆ ಕಣ್ಣು ತೆಗೆದು ಮತ್ತೆ ನೋಡಿದಾಗ ಹುಡುಕಬೇಕಾಯಿತು. ಆ ಸಂಭ್ರಮದಲ್ಲಿ ನಾನು ಮಾಡಿದ ತಪ್ಪನ್ನು ಯಾರೂ ಮಾಡಬಾರದೆಂದೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ದಿನಕ್ಕೆ ಎರಡು ಸಲ ಕ್ಯಾಮೆರಾ ಹಿಡಿದು ಹೋದೆ. ಪ್ರತಿಸಲವೂ ಅದೇ ದಾರಿಯಲ್ಲಿ ನಡೆದು, ಗೂಡಿನ ಹತ್ತಿರ ನಿಂತು, ಅದೇ ದಾರಿಯಲ್ಲಿ ಹಿಂದಿರುಗಿದೆ. ತಾಯಿ ಹಕ್ಕಿ ಒಂದು ರೆಕ್ಕೆಯನ್ನು ಮುರಿದಂತೆ ಎಳೆದುಕೊಂಡು, ಬಾಲವನ್ನು ಹರಡಿ, ಮರಳಿನ ಮೇಲೆ ಹೊರಳಾಡುತ್ತ ನನ್ನನ್ನು ಗೂಡಿನಿಂದ ದೂರ ಸೆಳೆಯಲು ಹೆಣಗಾಡಿದಾಗ, ಅದರ ಕಷ್ಟ ನನಗೆ ತಿಳಿಯದೆ, ಒಳ್ಳೆಯ ಚಿತ್ರ ಸಿಕ್ಕಿತೆಂದು ಹಿಗ್ಗಿದೆ.

ಐದನೆಯ ದಿನ ಗೂಡು ಬರಿದಾಗಿತ್ತು. ಸುತ್ತ ಕಾಗೆಯ ಕಾಲಿನ ಗುರುತುಗಳಿದ್ದವು. ಮರಳಿನ ಮೇಲೆ ಅಷ್ಟು ದಿನಗಳಲ್ಲಿ ನಾನೇ ಮಾಡಿದ ಕಾಲುದಾರಿ ನೇರವಾಗಿ ಬಂದು ಆ ತಗ್ಗಿನ ಬಳಿ ನಿಂತಿತ್ತು. ಕಾಗೆಗೆ ನನ್ನ ಹೆಜ್ಜೆಗಳೇ ದಾರಿ ತೋರಿಸಿದವೋ, ನಾನು ಪದೇಪದೇ ಎಬ್ಬಿಸಿದ್ದರಿಂದ ಬಯಲಾಗಿ ಉಳಿದ ಮೊಟ್ಟೆಗಳು ಅದರ ಕಣ್ಣಿಗೆ ಬಿದ್ದವೋ, ಎರಡರಲ್ಲಿ ಯಾವುದಾದರೂ ನನ್ನ ಪಾಲಿನ ಹೊಣೆ ಕಡಿಮೆಯಾಗುವುದಿಲ್ಲ. ಆ ಚಿತ್ರಗಳನ್ನು ನಾನು ಯಾರಿಗೂ ತೋರಿಸಿಲ್ಲ.

ಮೊಟ್ಟೆ ಕಳೆದುಕೊಂಡ ಪ್ಲೋವರ್‌ಗಳು ಅದೇ ಋತುವಿನಲ್ಲಿ ಮತ್ತೆ ಇಡುವುದುಂಟು. ಈ ಸಲ ನಾನು ಎಂಬತ್ತು ಹೆಜ್ಜೆ ದೂರದಲ್ಲಿ ಸ್ಪಾಟಿಂಗ್ ಸ್ಕೋಪ್ ಎಂಬ ಪುಟ್ಟ ದೂರದರ್ಶಕವನ್ನು ಇಟ್ಟುಕೊಂಡು, ಹೆಣ್ಣು ಪದೇಪದೇ ಹೋಗಿ ಕೂರುವ ಜಾಗವನ್ನು ಅಲ್ಲಿಂದಲೇ ಗುರುತಿಸಿದೆ. ಅದು ಮಾರ್ಚ್ 28. ಆ ಜಾಗದ ಹಿಂದಿನ ಒಂದು ಮುಳ್ಳುಪೊದೆ ಮತ್ತು ಮುಂದಿನ ಒಂದು ಮರದ ದಿಮ್ಮಿಯ ನಡುವಿನ ಗೆರೆಯನ್ನು ನೆನಪಿಟ್ಟುಕೊಂಡೆನೇ ಹೊರತು ಕೋಲು ನೆಡಲಿಲ್ಲ, ಕಲ್ಲು ಇಡಲಿಲ್ಲ. ಗುರುತಿಗೆ ಇಟ್ಟ ವಸ್ತು ಕಾಗೆಗೂ ಗುರುತೇ. ಆಮೇಲೆ ವನ್ಯಜೀವಿ ಅಧಿಕಾರಿಗಳಿಗೆ ಒಂದು ಪುಟದ ಅರ್ಜಿ ಬರೆದು, ಹಗ್ಗದ ಬೇಲಿ ಹಾಕಲು ಒಪ್ಪಿಗೆ ಕೇಳಿದೆ. ಹಕ್ಕಿಯ ಗೂಡಿನ ಸುತ್ತ ಏನನ್ನೇ ಮಾಡುವುದಿದ್ದರೂ ಅನುಮತಿ ಬೇಕು. ಒಳ್ಳೆಯ ಉದ್ದೇಶವಿದೆ ಎಂಬ ಮಾತ್ರಕ್ಕೆ ಅದರಿಂದ ವಿನಾಯಿತಿ ಇಲ್ಲ. ಅದೃಷ್ಟಕ್ಕೆ ಒಬ್ಬ ಅಧಿಕಾರಿ ಎರಡೇ ದಿನದಲ್ಲಿ ಸ್ವತಃ ಬಂದರು.

ಹಗ್ಗದ ಬೇಲಿಯ ಯೋಚನೆ ನನ್ನದಲ್ಲ. ಕ್ಯಾಲಿಫೋರ್ನಿಯಾದ ಕೋಲ್ ಆಯಿಲ್ ಪಾಯಿಂಟ್ ಎಂಬ ಸಂರಕ್ಷಿತ ತೀರದಲ್ಲಿ, ಇದೇ ಬಳಗದ ಸ್ನೋವಿ ಪ್ಲೋವರ್ ದಶಕಗಳ ಕಾಲ ಗೂಡು ಮಾಡುವುದನ್ನೇ ಬಿಟ್ಟಿದ್ದು, 2001ರಲ್ಲಿ ಅಲ್ಲಿ ಹಗ್ಗ ಕಟ್ಟಿ, ಸ್ವಯಂಸೇವಕರು ನಿಂತು ಜನರಿಗೆ ತಿಳಿಹೇಳತೊಡಗಿದ ಮೇಲೆ ಮತ್ತೆ ಮರಿ ಮಾಡತೊಡಗಿತು. ಆ ಹಗ್ಗ ಯಾವ ಪ್ರಾಣಿಯನ್ನೂ ತಡೆಯುವಷ್ಟು ಗಟ್ಟಿಯಲ್ಲ. ದಾಟಬೇಡಿ ಎಂದು ಮನುಷ್ಯರಿಗೆ ಹೇಳುವ ಗೆರೆ ಮಾತ್ರ. ತೀರದ ಇಡೀ ಉದ್ದವನ್ನು ಮುಚ್ಚದೆ, ಒಣ ಮರಳಿನ ಒಂದು ತುಂಡನ್ನಷ್ಟೇ ಬಿಟ್ಟುಕೊಡುವಂತೆ ಜನರನ್ನು ಒಪ್ಪಿಸಿದ್ದು ಅಲ್ಲಿಯ ವಿಶೇಷ ಎಂದು ನನಗನಿಸಿತು.

ಅಧಿಕಾರಿ ಹೇಳಿದ ಸೂಚನೆಗಳು ಸರಳವಾಗಿದ್ದರೂ ಪ್ರತಿಯೊಂದಕ್ಕೂ ಕಾರಣವಿತ್ತು. ಬೆಳಗಿನ ತಂಪಿನಲ್ಲೇ ಕೆಲಸ ಮುಗಿಯಬೇಕು, ಏಕೆಂದರೆ ಬಿಸಿಲೇರಿದ ಮೇಲೆ ತೆರೆದುಬಿದ್ದ ಮೊಟ್ಟೆ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗುತ್ತದೆ. ಕಂಬಗಳು ಗಿಡ್ಡವಾಗಿದ್ದು, ಮೇಲ್ತುದಿ ಚೂಪಾಗಿರಬೇಕು, ಇಲ್ಲದಿದ್ದರೆ ಕಾಗೆ, ಹದ್ದುಗಳಿಗೆ ನಾವೇ ಕೂರುವ ಪೀಠ ಮಾಡಿಕೊಟ್ಟಂತಾಗುತ್ತದೆ. ಗೂಡು ಬೇಲಿಯ ಸರಿಯಾದ ನಡುಮಧ್ಯದಲ್ಲಿರಬಾರದು. ಕಾಗೆ ಹತ್ತಿರದಲ್ಲಿದ್ದರೆ ಕೆಲಸ ನಿಲ್ಲಿಸಬೇಕು. ನಾವು ನಾಲ್ವರು, ಗೂಡಿನಿಂದ ದೂರದಲ್ಲೇ ಎಲ್ಲ ಕಂಬಗಳಿಗೂ ಹಗ್ಗ ಸಿಕ್ಕಿಸಿಕೊಂಡು ಹೋಗಿ, 12 ನಿಮಿಷದಲ್ಲಿ ನೆಟ್ಟು ಹೊರಬಂದೆವು. ಅಷ್ಟರಲ್ಲಿ ಅಧಿಕಾರಿ ಒಮ್ಮೆ ಮಾತ್ರ ಹತ್ತಿರ ಹಾದುಹೋಗಿ, ಮೂರು ಮೊಟ್ಟೆ ಎಂದು ಬೆರಳಿನಲ್ಲಿ ತೋರಿಸಿದರು. ನಂತರದ ಒಂಬತ್ತು ನಿಮಿಷ, ಹೆಣ್ಣು ಹಕ್ಕಿ ಬೇಲಿಯ ಹೊರಗೆ ಅತ್ತಿತ್ತ ಓಡಾಡಿ, ಹಗ್ಗದ ಕೆಳಗೆ ನುಗ್ಗಿ, ಗೂಡಿನ ಮೇಲೆ ಕೂರುವವರೆಗೆ ನಾವು ಯಾರೂ ಮಾತಾಡಲಿಲ್ಲ.

ಗೂಡಿನ ಮೇಲೆ ತಂತಿಯ ಪಂಜರ ಇಡಬಾರದೇ ಎಂದು ಗೆಳೆಯರೊಬ್ಬರು ಕೇಳಿದರು. ಹಕ್ಕಿ ನುಸುಳಬಲ್ಲ, ಕಾಗೆ ನಾಯಿಗಳು ನುಸುಳಲಾರದ ಪಂಜರದಿಂದ ಹೆಚ್ಚು ಮೊಟ್ಟೆಗಳು ಒಡೆದು ಮರಿಯಾಗುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಆದರೆ ಪಂಜರದ ಅರ್ಥ ತಿಳಿದ ಬೇಟೆಗಾರ ಹಕ್ಕಿ ಅದರ ಬಾಗಿಲಲ್ಲೇ ಕಾದು, ಹೊರಬರುವ ದೊಡ್ಡ ಹಕ್ಕಿಯನ್ನೇ ಹಿಡಿದ ಉದಾಹರಣೆಗಳೂ ಇವೆ. ಮೊಟ್ಟೆ ಹೋದರೆ ಮತ್ತೆ ಇಡಬಹುದು, ತಾಯಿ ಹೋದರೆ ಮುಗಿಯಿತು. ನಾವು ಪಂಜರ ಬೇಡವೆಂದೆವು.

ಇನ್ನು ಫಲಕದ ವಿಷಯ. ಮೊದಲು ‘ಪ್ರವೇಶ ನಿಷೇಧಿಸಲಾಗಿದೆ’ ಎಂದು ಬರೆಸಿದ್ದೆ. ಅದನ್ನು ಓದಿದವರೆಲ್ಲ ಒಳಗೆ ಏನಿದೆ ಎಂದು ನೋಡಲು ಹಗ್ಗದ ಬಳಿ ಬಂದು ಬಗ್ಗಿದರು. ಮೂರನೆಯ ದಿನ ಅದನ್ನು ಕಿತ್ತು, ‘ಇಲ್ಲಿ ಮರಳಿನ ಮೇಲೆ ಹಕ್ಕಿಯ ಮೊಟ್ಟೆಗಳಿವೆ. ಅವು ಮರಳಿನಂತೆಯೇ ಕಾಣುವುದರಿಂದ ತುಳಿದರೂ ತಿಳಿಯುವುದಿಲ್ಲ. ದಯವಿಟ್ಟು ನೀರಿನಂಚಿನಲ್ಲಿ ನಡೆಯಿರಿ’ ಎಂದು ಬರೆದು, ಹಗ್ಗಕ್ಕಿಂತ ಇಪ್ಪತ್ತು ಹೆಜ್ಜೆ ಈಚೆಗೆ ನಿಲ್ಲಿಸಿದೆ. ಜನ ಅಲ್ಲೇ ನಿಂತು ಓದಿ, ಅಲ್ಲಿಂದಲೇ ಸರಿದು ಹೋಗತೊಡಗಿದರು.

ಹಾಗೆಂದು ಫಲಕ ನೆಟ್ಟು ಮನೆಗೆ ಹೋಗುವಂತಿರಲಿಲ್ಲ. ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಸರದಿಯ ಮೇಲೆ ಒಬ್ಬರಾದರೂ ನಿಲ್ಲುತ್ತಿದ್ದೆವು. ಬಂದವರಿಗೆ ಮೊದಲು ಸ್ಕೋಪಿನಲ್ಲಿ ಹಕ್ಕಿಯನ್ನು ತೋರಿಸುವುದು, ಮಾತು ಆಮೇಲೆ: ಇದು ನಾವು ಒಂದೇ ವಾರದಲ್ಲಿ ಕಲಿತ ಕ್ರಮ. ಕ್ರಿಕೆಟ್ ಆಡುವ ಹುಡುಗರ ಚೆಂಡು ದಿನಕ್ಕೆ ನಾಲ್ಕು ಸಲ ಹಗ್ಗದೊಳಗೆ ಬೀಳುತ್ತಿತ್ತು. ಅವರಲ್ಲಿ ತೀರ ಚಿಕ್ಕವನೊಬ್ಬ ಸ್ಕೋಪಿಗೆ ಕಣ್ಣಿಟ್ಟು, “ಅಂಕಲ್, ಅದು ನನ್ನನ್ನೇ ನೋಡ್ತಾ ಇದೆ” ಎಂದ. ಮರುದಿನ ಅವರೇ ಪಿಚ್ಚನ್ನು ದೂರಕ್ಕೆ ಸಾಗಿಸಿದ್ದರು, ನಾನು ಕೇಳಿಕೊಂಡಿರಲಿಲ್ಲ. ನಾಯಿ ಕರೆದುಕೊಂಡು ಬರುವವರ ಜೊತೆ ಮಾತು ಅಷ್ಟು ಸುಲಭವಾಗಿರಲಿಲ್ಲ. “ನಮ್ಮ ನಾಯಿ ಯಾರಿಗೂ ಏನೂ ಮಾಡೋದಿಲ್ಲ” ಎಂದೇ ಎಲ್ಲರೂ ಆರಂಭಿಸುತ್ತಿದ್ದರು. ಅದು ನಿಜವೂ ಇರಬಹುದು, ಆದರೆ ಹಕ್ಕಿಗೆ ಹಾಗೆಂದು ಗೊತ್ತಿಲ್ಲ; ನಾಯಿ ಕಂಡೊಡನೆ ಅದು ಗೂಡಿನಿಂದ ಏಳುತ್ತದೆ, ಮನುಷ್ಯನನ್ನು ಕಂಡಾಗಿನದಕ್ಕಿಂತ ನಾಯಿ ಬಹಳ ದೂರದಲ್ಲಿರುವಾಗಲೇ ಏಳುತ್ತದೆ. ಕೆಲವರು ಹಗ್ಗ ಹಾಕಿ ಹಿಡಿದುಕೊಂಡರು, ಕೆಲವರು ನಗುತ್ತ ಮುಂದೆ ಹೋದರು. ಒಬ್ಬರೊಡನೆ ನಾನು ದನಿ ಎತ್ತಿ ಮಾತಾಡಿದೆ. ಅವರು ಮತ್ತೆ ಎಂದೂ ನನ್ನ ಮಾತಿಗೆ ನಿಲ್ಲಲಿಲ್ಲ, ನಾಯಿಯನ್ನೂ ಕಟ್ಟಲಿಲ್ಲ. ಆ ಸಂಜೆಯ ಜಗಳ ಹಕ್ಕಿಗೆ ನಷ್ಟವನ್ನೇ ತಂದಿತು.

ಬಲೆ ಸರಿಮಾಡುತ್ತ ಕೂರುತ್ತಿದ್ದ ಒಬ್ಬ ಅಜ್ಜ ಮೊದಲ ಹತ್ತು ದಿನ ನಮ್ಮನ್ನು ಸುಮ್ಮನೆ ನೋಡಿದರು. ಹನ್ನೊಂದನೆಯ ದಿನ, “ಈ ಹಕ್ಕಿ ಮೊದಲೆಲ್ಲ ಆ ಕೊನೆಯ ಮರಳದಿಬ್ಬದ ಹತ್ತಿರ ಮೊಟ್ಟೆ ಇಡ್ತಿತ್ತು. ಅಲ್ಲಿ ಗಾಡಿ ಓಡಾಡೋಕೆ ಶುರುವಾದ ಮೇಲೆ ಈ ಕಡೆ ಬಂದಿದೆ” ಎಂದರು. ನಾನು ಒಂದು ವರ್ಷ ಟಿಪ್ಪಣಿ ಬರೆದೂ ತಿಳಿಯದ ಸಂಗತಿ ಅದು. ಆಮೇಲೆ ನಮ್ಮ ಸರದಿಯಲ್ಲಿ ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಅವರೇ ಕಣ್ಣಿಟ್ಟಿದ್ದರು.

ಆ ಮಧ್ಯಾಹ್ನಗಳಲ್ಲೇ ಒಂದು ದಿನ ನಾನು ಕಂಡ ದೃಶ್ಯ ಈಗಲೂ ಕಣ್ಣಿನಲ್ಲಿದೆ. ಮರಳು ಬರಿಗಾಲಿನಲ್ಲಿ ನಿಲ್ಲಲಾಗದಷ್ಟು ಕಾದಿತ್ತು. ಹೆಣ್ಣು ಹಕ್ಕಿ ಗೂಡಿನಿಂದ ಎದ್ದು, ನೀರಿನ ಕಡೆಗೆ ಓಡಿ, ಅಲೆಯ ಅಂಚಿನಲ್ಲಿ ಕುಳಿತು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು, ಬಂದ ವೇಗದಲ್ಲೇ ಹಿಂದಿರುಗಿ ಮೊಟ್ಟೆಗಳ ಮೇಲೆ ಕುಳಿತಿತು. ಹತ್ತಿಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಓಟ. ಕಾವು ಕೊಡುವುದೆಂದರೆ ಬಿಸಿ ಕೊಡುವುದು ಎಂದೇ ತಿಳಿದಿದ್ದ ನನಗೆ, ಈ ಹಕ್ಕಿ ಹಗಲೆಲ್ಲ ಮಾಡುತ್ತಿದ್ದುದು ಮೊಟ್ಟೆಯನ್ನು ತಂಪಾಗಿಡುವ ಕೆಲಸ ಎಂದು ತಿಳಿದಾಗ ಅಚ್ಚರಿಯಾಯಿತು. ಗೂಡಿಗೂ ನೀರಿಗೂ ನಡುವಿನ ಆ ಓಣಿಯಲ್ಲಿ ಯಾರಾದರೂ ಕೊಡೆ ಬಿಚ್ಚಿ ಕುಳಿತರೆ, ಹಗ್ಗವನ್ನು ಮುಟ್ಟದೆಯೇ ಮೊಟ್ಟೆಗಳನ್ನು ಕೊಂದಂತಾಗುತ್ತದೆ. ಮರುದಿನವೇ ನೀರಿನ ಕಡೆಗೂ ಒಂದು ಫಲಕ ಇಟ್ಟೆವು. ಸಂಜೆ ಬೆಳಕು ಕಂದಿದಾಗ ಗಂಡು ಬಂದು ಸರದಿ ವಹಿಸಿಕೊಳ್ಳುತ್ತಿತ್ತು. ಈ ಜಾತಿಯಲ್ಲಿ ರಾತ್ರಿಪಾಳಿ ಸಾಮಾನ್ಯವಾಗಿ ಗಂಡಿನದು.

ಹುಣ್ಣಿಮೆಯ ಉಬ್ಬರ ನಮ್ಮನ್ನು ಬಹಳ ಹೆದರಿಸಿತು. ನೀರು ಗೂಡಿಗೆ ಎರಡು ಹೆಜ್ಜೆ ಈಚೆಗಿನವರೆಗೆ ಬಂತು. ಮೊಟ್ಟೆಗಳನ್ನು ಎತ್ತಿ ಮೇಲಕ್ಕೆ ಇಡೋಣವೇ ಎಂದು ಅಧಿಕಾರಿಗೆ ಫೋನ್ ಮಾಡಿದರೆ ಅವರು ಖಡಾಖಂಡಿತವಾಗಿ ಬೇಡವೆಂದರು. ಸ್ಥಳ ಬದಲಾದ ಗೂಡನ್ನು ಹಕ್ಕಿ ಒಪ್ಪದೇ ಹೋಗಬಹುದು. ಕೈಕಟ್ಟಿ ನಿಂತೆವು. ನೀರು ಇಳಿಯಿತು. ಆದರೆ ಉಬ್ಬರ ತಂದು ಹಾಕಿದ ಪಾಚಿಯ ರಾಶಿಯನ್ನು ಕಂಡು, ತೀರ ಸ್ವಚ್ಛಗೊಳಿಸುವ ಉತ್ಸಾಹದಲ್ಲಿದ್ದ ಒಂದು ತಂಡ ಮರುದಿನ ಟ್ರ್ಯಾಕ್ಟರಿಗೆ ಹಲುಬೆ ಕಟ್ಟಿಸಿಕೊಂಡು ಬಂದಿತು. ಕೊಳೆಯುವ ಆ ಪಾಚಿಯೇ ಮರಳಿನಲ್ಲಿ ಜಿಗಿಯುವ ಪುಟ್ಟ ಜೀವಿಗಳ, ನೊಣಗಳ ಮನೆ, ಪ್ಲೋವರ್‌ಗಳ ಊಟದ ತಟ್ಟೆ. ಪ್ಲಾಸ್ಟಿಕ್ ಬಲೆ, ಬಾಟಲಿಗಳನ್ನು ಕೈಯಲ್ಲಿ ಆರಿಸಿ, ಪಾಚಿಯನ್ನು ಹಾಗೇ ಬಿಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಎರಡು ವರ್ಷದ ಹಿಂದೆ ಅಂಥದೇ ಸ್ವಚ್ಛತಾ ಕಾರ್ಯದಲ್ಲಿ ಪಾಚಿ ಗುಡಿಸಿ ತೃಪ್ತಿಪಟ್ಟಿದ್ದವರಲ್ಲಿ ನಾನೂ ಒಬ್ಬ ಎಂದು ಅವರಿಗೆ ಹೇಳಿದೆ.

ಏಪ್ರಿಲ್ 23ರ ಬೆಳಿಗ್ಗೆ, ಹಗ್ಗ ಕಟ್ಟಿದ 24ನೆಯ ದಿನ, ಹೆಣ್ಣು ಒಂದು ಚಿಪ್ಪಿನ ತುಂಡನ್ನು ಕೊಕ್ಕಿನಲ್ಲಿ ಹಿಡಿದು ದೂರಕ್ಕೆ ಒಯ್ದುದನ್ನು ಕಂಡೆ. ಮಧ್ಯಾಹ್ನದ ಹೊತ್ತಿಗೆ ಅದರ ಹೊಟ್ಟೆಯ ಕೆಳಗಿನಿಂದ ಕಡ್ಡಿಯಂಥ ಕಾಲುಗಳು ಇಣುಕಿದವು. ಆರು ಗ್ರಾಮಿನಷ್ಟು ತೂಗುವ, ಹತ್ತಿಯ ಉಂಡೆಯಂಥ ಮೂರು ಮರಿಗಳು. ನಾವು ಪರಸ್ಪರ ಕೈಕುಲುಕಿ, ಕೆಲಸ ಮುಗಿಯಿತೆಂಬಂತೆ ಮನೆಗೆ ಹೋದೆವು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಬೇಲಿಯೊಳಗೆ ಯಾರೂ ಇರಲಿಲ್ಲ. ಮರಿಗಳು ಹಗ್ಗದಾಚೆ ನೂರೈವತ್ತು ಹೆಜ್ಜೆ ದೂರದ ಪಾಚಿಯ ಗೆರೆಯಲ್ಲಿ, ನಡೆದಾಡುವ ಜನರ ದಾರಿಯಲ್ಲೇ, ತಾವೇ ಕುಕ್ಕಿ ತಿನ್ನುತ್ತಿದ್ದವು.

ಈ ಹಕ್ಕಿಗಳ ಮರಿಗೆ ತಂದೆತಾಯಿ ಗುಟುಕು ಕೊಡುವುದಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅವು ಗೂಡು ಬಿಟ್ಟು ತಾವೇ ಮೇಯಬೇಕು. ಚಳಿಯಾದಾಗ, ಬಿಸಿಲಾದಾಗ ದೊಡ್ಡ ಹಕ್ಕಿಯ ರೆಕ್ಕೆಯಡಿಗೆ ಸೇರಿಕೊಳ್ಳುತ್ತವೆ. ಹಾರಲು ಬರುವುದಕ್ಕೆ ಸುಮಾರು ನಾಲ್ಕು ವಾರ. ಪುಸ್ತಕದಲ್ಲಿ ಇದನ್ನೆಲ್ಲ ಓದಿದ್ದೆ, ಆದರೆ ನಾವು ಇಷ್ಟು ದಿನ ಕಾದ ಹಗ್ಗಕ್ಕೆ ಇನ್ನು ಮುಂದೆ ಅರ್ಥವಿಲ್ಲ ಎಂಬುದು ಆ ಬೆಳಿಗ್ಗೆಯೇ ಮನಸ್ಸಿಗೆ ಇಳಿದದ್ದು. ಅಪಾಯ ಬಂದಾಗ ಮರಿ ಓಡುವುದಿಲ್ಲ. ಇದ್ದಲ್ಲೇ ಮರಳಿಗೆ ಅಂಟಿಕೊಂಡು ಕೂರುತ್ತದೆ. ಗಾಡಿಯ ಚಕ್ರ ಮಾಡಿದ ಗಾಡಿಗೀರು ಅದಕ್ಕೆ ಅಡಗುದಾಣ, ಮುಂದಿನ ಗಾಡಿ ಬರುವುದೂ ಅದೇ ಗೀರಿನಲ್ಲಿ. ಅಧಿಕಾರಿಯ ನೆರವಿನಿಂದ ತೀರಕ್ಕೆ ಇಳಿಯುವ ಗಾಡಿದಾರಿಗೆ ಒಂದು ದಿಮ್ಮಿ ಅಡ್ಡ ಹಾಕಿಸಿದೆವು. ಆಸ್ಟ್ರೇಲಿಯಾದಲ್ಲಿ ಹುಡೆಡ್ ಪ್ಲೋವರ್ ಮರಿಗಳಿಗಾಗಿ ಇಡುವಂಥ, ಎರಡು ಹಲಗೆಗಳನ್ನು ಗುಡಿಸಲಿನ ಮಾಡಿನಂತೆ ಜೋಡಿಸಿದ ಪುಟ್ಟ ಆಸರೆಗಳನ್ನು ಮೂರು ಕಡೆ ಇಟ್ಟೆವು. ಬಿಸಿಲಿನಲ್ಲಿ ಒಂದು ಮರಿ ಅದರ ಕೆಳಗೆ ನಿಂತದ್ದನ್ನು ಒಮ್ಮೆ ಮಾತ್ರ ಕಂಡೆ. ಉಳಿದಂತೆ ನಮ್ಮ ಕಾವಲು ನಡೆದಾಡುವ ಕಾವಲಾಯಿತು. ಮರಿಗಳು ಹೋದ ಕಡೆ, ಅವುಗಳಿಗಿಂತ ದೂರದಲ್ಲಿ, ಎದುರು ಬರುವವರನ್ನು ಮೃದುವಾಗಿ ನೀರಿನ ಕಡೆಗೆ ತಿರುಗಿಸುತ್ತ ನಡೆಯುವುದು.

ನಾಲ್ಕನೆಯ ದಿನ ಮರಿಗಳು ಎರಡಾಗಿದ್ದವು. ಕಾರಣ ತಿಳಿಯಲಿಲ್ಲ. ಒಂದು ವಾರದ ಆಸುಪಾಸಿಗೆ ಹೆಣ್ಣು ಕಾಣಿಸದಾಯಿತು. ಈ ಜಾತಿಯಲ್ಲಿ ಹೆಣ್ಣು ಬೇಗನೆ ಹೊರಟು, ಮರಿಗಳ ಪಾಲನೆ ಗಂಡಿಗೆ ಉಳಿಯುವುದು ಸಾಮಾನ್ಯ. ಹನ್ನೊಂದನೆಯ ದಿನದ ಬೆಳಿಗ್ಗೆ ಒಂದೇ ಮರಿ. ಪಾಚಿಯ ಗೆರೆಯುದ್ದಕ್ಕೂ ನಾಯಿಯ ಹೆಜ್ಜೆಗಳಿದ್ದವು, ಆದರೆ ನಾಯಿಯ ಹೆಜ್ಜೆಗಳು ಅಲ್ಲಿ ಎಲ್ಲ ದಿನವೂ ಇರುತ್ತಿದ್ದವು. ಯಾರನ್ನೂ ದೂರಲು ನನ್ನ ಬಳಿ ಆಧಾರವಿರಲಿಲ್ಲ. ಅಜ್ಜ ಮಾತ್ರ ಬಲೆಯಿಂದ ಕಣ್ಣು ಎತ್ತದೆ, “ಇನ್ನೊಂದಿದೆಯಲ್ಲ, ಅದನ್ನು ನೋಡಿ” ಎಂದರು.

ಅದನ್ನು ನೋಡಿದೆವು. ಹತ್ತಿಯಂಥ ತುಪ್ಪುಳ ಹೋಗಿ ಗರಿ ಬಂದದ್ದು, ಕುಳ್ಳ ರೆಕ್ಕೆಗಳನ್ನು ಬಿಚ್ಚಿ ಗಾಳಿಗೆ ಎದುರಾಗಿ ಓಡಿ ಜಿಗಿದದ್ದು, ಜಿಗಿದು ಮೂಗು ಕುಕ್ಕಿದಂತೆ ಬಿದ್ದದ್ದು, ಎಲ್ಲವನ್ನೂ ಪುಸ್ತಕದಲ್ಲಿ ಬರೆದೆ. ಮೇ 22ರ ಸಂಜೆ ತಲೆಯ ಮೇಲೆ ಹದ್ದೊಂದು ತೇಲಿ ಬಂದಾಗ ಗಂಡು ಕೂಗಿ ಎದ್ದಿತು. ಮರಿ ಕೂರಲಿಲ್ಲ, ಅದರ ಹಿಂದೆಯೇ ಹಾರಿ, ನಾವು ನಿಂತಿದ್ದ ಜಾಗವನ್ನು ದಾಟಿ, ದೂರದ ಒದ್ದೆ ಮರಳಿನಲ್ಲಿ ಇಳಿಯಿತು. ಕ್ರಿಕೆಟ್ ಹುಡುಗರು ಆಟ ನಿಲ್ಲಿಸಿ ನೋಡುತ್ತಿದ್ದರು.

ಮುಂದಿನ ವಾರ ಕಂಬಗಳನ್ನು ಕಿತ್ತು, ಹಗ್ಗ ಸುತ್ತಿ, ಅಜ್ಜನ ಬಲೆಗಳ ಮನೆಯ ಮೂಲೆಯಲ್ಲಿ ಇಟ್ಟೆವು. ಅಕ್ಟೋಬರಿನ ಮೊದಲ ದೊಡ್ಡ ಉಬ್ಬರಕ್ಕೆ ನಾನು ಹಳೆಯ ದೋಣಿಯ ನೆರಳಿಗೆ ಹಿಂದಿರುಗಿದಾಗ ಸ್ಯಾಂಡರ್ಲಿಂಗ್‌ಗಳ ನಡುವೆ ಕೆಂಟಿಶ್ ಪ್ಲೋವರ್‌ಗಳು 11 ಇದ್ದವು. ನಮ್ಮ ಮರಿಯ ಕಾಲಿಗೆ ಗುರುತಿನ ಉಂಗುರವಿರಲಿಲ್ಲ. ಈ ವಯಸ್ಸಿಗೆ ಅದು ಉಳಿದವುಗಳ ಹಾಗೆಯೇ ಕಾಣುತ್ತದೆ. ಎರಡು ಸಲ ಎಣಿಸಿ, 11 ಎಂದು ಬರೆದುಕೊಂಡೆ.